ಶೆಡ್‌ನಲ್ಲಿ ಯಾರಿಗೂ ಕರೆಂಟ್ ಹೊಡೆಯಬಾರದು ಅಂದರೆ ಏನೇನು ಮಾಡಬೇಕು?

‘ಎಂಸಿಬಿ ಹಾಕ್ಸಿದೀವಲ್ಲ ಸಾರ್, ಏನೂ ಆಗಲ್ಲ.’ ಪೀಣ್ಯದಲ್ಲಿ ಕೇಳಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕೇಳಿ, ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಕೇಳಿ. ಹತ್ತು ಹದಿನೈದು ಜನ ಕೆಲಸ ಮಾಡುವ ಸಣ್ಣ ಶೆಡ್‌ಗಳಲ್ಲಿ ಸಿಗುವ ಉತ್ತರ ಹೆಚ್ಚುಕಡಿಮೆ ಇದೇ. ಆದರೆ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗಿಯೇ ಬೀಳುವ ಸ್ವಿಚ್, ಇರುವುದು ವೈರ್ ಸುಟ್ಟುಹೋಗದಂತೆ ನೋಡಿಕೊಳ್ಳುವುದಕ್ಕೆ. ಮನುಷ್ಯನನ್ನು ಕಾಯುವುದು ಅದರ ಕೆಲಸವೇ ಅಲ್ಲ.

ಲೆಕ್ಕ ನೋಡಿ. 16 ಆಂಪ್‌ನ ಎಂಸಿಬಿ 16 ಆಂಪ್ ದಾಟುವವರೆಗೆ ಅಲ್ಲಾಡುವುದಿಲ್ಲ. ಮೈಯಲ್ಲಿ 10 ಮಿಲಿಆಂಪ್ (ಸಾವಿರ ಮಿಲಿಆಂಪ್ ಸೇರಿದರೆ ಒಂದು ಆಂಪ್) ಆಸುಪಾಸು ಹರಿದರೆ ಸಾಕು, ಕೈ ಬಿಗಿದುಕೊಳ್ಳುತ್ತದೆ, ಹಿಡಿದ ವೈರ್ ಬಿಡಬೇಕು ಅಂದರೂ ಆಗುವುದಿಲ್ಲ. 30 ಆದರೆ ಉಸಿರಿಗೆ ಕಷ್ಟ. 50ರಿಂದ 100ಕ್ಕೆ ಹೋದರೆ ಹೃದಯದ ಬಡಿತ ತಾಳ ತಪ್ಪಿ ಸುಮ್ನೆ ಅದುರಲು ಶುರುವಾಗಬಹುದು. ಬೆವರಿದ ಮೈ ಒಡ್ಡುವ ತಡೆ ಸುಮಾರು ಸಾವಿರ ಓಮ್ ಅಂತ ಇಟ್ಟುಕೊಂಡರೆ 230 ವೋಲ್ಟ್‌ಗೆ 230 ಮಿಲಿಆಂಪ್ ಹರಿಯುತ್ತದೆ. ಅಂದರೆ ಒಬ್ಬ ಮನುಷ್ಯ ಸಾಯುತ್ತಿದ್ದರೂ ಎಂಸಿಬಿಗೆ ಅದು ಒಂದು ಸೀಲಿಂಗ್ ಫ್ಯಾನ್ ಹಾಕಿದಂತೆ, ಅಷ್ಟೆ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ನಾನು ಹೇಳುವ ಕ್ರಮ ಖರ್ಚಿನ ಪ್ರಕಾರ ಅಲ್ಲ, ಜೀವ ಉಳಿಸುವ ಪ್ರಕಾರ.

ಮೊದಲು ಆರ್‌ಸಿಸಿಬಿ

ಹಳಬರು ಇದನ್ನು ಇಎಲ್‌ಸಿಬಿ ಅಂತಲೇ ಕರೆಯುತ್ತಾರೆ, ಅಂಗಡಿಯಲ್ಲಿ ಹಾಗೆ ಕೇಳಿದರೂ ಕೊಡುತ್ತಾರೆ. ಫೇಸ್‌ನಲ್ಲಿ ಹೋದ ಕರೆಂಟ್ ಪೂರ್ತಿ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಇದು ಸದಾ ನೋಡುತ್ತಿರುತ್ತದೆ. ಸ್ವಲ್ಪ ಕಡಿಮೆಯಾದರೂ ಎಲ್ಲೋ ಸೋರಿದೆ, ಬಹುಶಃ ಯಾರದೋ ಮೈ ಮೂಲಕ, ಅಂತ ತಿಳಿದು ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕತ್ತರಿಸುತ್ತದೆ. ಕೊಳ್ಳುವಾಗ 30 ಮಿಲಿಆಂಪ್‌ನದ್ದೇ ಕೇಳಿ. 100, 300 ಮಿಲಿಆಂಪ್‌ನವೂ ಸಿಗುತ್ತವೆ. ಅವು ಬೆಂಕಿ ತಡೆಯುವುದಕ್ಕೆ ಸರಿ, ಜೀವ ಉಳಿಸುವುದಕ್ಕಲ್ಲ. ಇಡೀ ಶೆಡ್‌ಗೆ ಒಂದೇ ಹಾಕಿದರೆ ಒಂದು ಗ್ರೈಂಡರ್ ಲೀಕ್ ಆದರೂ ಎಲ್ಲ ಮಷೀನ್ ನಿಲ್ಲುತ್ತದೆ, ಆಮೇಲೆ ಸಿಟ್ಟಿಗೆ ಯಾರೋ ಅದನ್ನು ಬೈಪಾಸ್ ಮಾಡುತ್ತಾರೆ. ಹಾಗಾಗಿ ಕೈಯಲ್ಲಿ ಹಿಡಿಯುವ ಟೂಲ್‌ಗಳ ಸಾಕೆಟ್‌ಗಳಿಗೆ ಬೇರೆಯದೇ ಹಾಕಿಸಿ.

ಅದರ ಮೇಲೆ ‘ಟಿ’ ಅಂತ ಬರೆದ ಸಣ್ಣ ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ. ಟಪ್ ಅಂತ ಬೀಳಬೇಕು. ಬೀಳದಿದ್ದರೆ ಅದು ಗೋಡೆಗೆ ಹಾಕಿದ ಅಲಂಕಾರ, ಬದಲಾಯಿಸಿ.

ಪದೇಪದೇ ಟ್ರಿಪ್ ಆಗುತ್ತಿದ್ದರೆ ಬೈಯಬೇಕಾದ್ದು ಆರ್‌ಸಿಸಿಬಿಯನ್ನಲ್ಲ. ಎಲ್ಲ ಪ್ಲಗ್ ಕಿತ್ತು ಒಂದೊಂದೇ ಹಾಕುತ್ತಾ ಬನ್ನಿ, ಯಾವುದು ಹಾಕಿದಾಗ ಬೀಳುತ್ತದೋ ಕಳ್ಳ ಅದೇ. ಯಾವುದೂ ಹಾಕದೇ ಬೀಳುತ್ತಿದ್ದರೆ ವೈರಿಂಗ್‌ನಲ್ಲೇ ಎಲ್ಲೋ ಸೋರಿಕೆ ಇದೆ, ಇಲ್ಲವೇ ನ್ಯೂಟ್ರಲ್ ಅರ್ಥ್‌ಗೆ (ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ವೈರ್‌ಗೆ) ಸೇರಿಕೊಂಡಿದೆ. ಒಂದು ಮಾತು ಮಾತ್ರ ಕೆಲಸಗಾರರಿಗೆ ಸ್ಪಷ್ಟವಾಗಿ ಹೇಳಿ: ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದವನನ್ನು ಆರ್‌ಸಿಸಿಬಿಯೂ ಉಳಿಸುವುದಿಲ್ಲ. ಅದಕ್ಕೆ ಅಲ್ಲಿ ಸೋರಿಕೆಯೇ ಕಾಣುವುದಿಲ್ಲ.

ಅರ್ಥ್: ಇದೆ ಅಂದುಕೊಂಡದ್ದು ಇರುವುದಿಲ್ಲ

ಮಷೀನ್ ಮುಟ್ಟಿದರೆ ‘ಜುಂ’ ಅನ್ನುತ್ತಿದೆ ಅಂದರೆ ಅದು ಸಣ್ಣ ವಿಷಯ ಅಲ್ಲ. ಒಳಗೆ ಇನ್ಸುಲೇಷನ್ ಹೋಗಿದೆ, ಮೇಲಿಂದ ಅರ್ಥ್ ಕೂಡ ಇಲ್ಲ ಅಂತ ಅದು ಹೇಳುತ್ತಿದೆ. ಇವತ್ತು ಚಪ್ಪಲಿ ಒಣಗಿತ್ತು, ಜುಂ ಅಂತು. ನಾಳೆ ಮಳೆ ಬಂದು ನೆಲ ಒದ್ದೆಯಾಗಿದ್ದರೆ?

ಮೂರು ಪಿನ್‌ನ ಪ್ಲಗ್‌ನಲ್ಲಿ ಮೇಲಿನ ದಪ್ಪ ಪಿನ್ ಮುರಿದು ಹಾಕುವುದು, ಹಸಿರು ವೈರ್ ಕತ್ತರಿಸಿ ಒಳಗೆ ಮಡಚಿ ಬಿಡುವುದು, ನಮ್ಮಲ್ಲಿ ಇವೆರಡೂ ತುಂಬಾ ಮಾಮೂಲಿ. ಶೆಡ್ ಹಿಂದಿನ ಅರ್ಥ್ ಗುಂಡಿ ನೋಡಿದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಒಣಗಿರುತ್ತದೆ, ಪಟ್ಟಿಯ ಬೋಲ್ಟ್ ತುಕ್ಕು ಹಿಡಿದಿರುತ್ತದೆ. ವರ್ಷಕ್ಕೊಮ್ಮೆ, ಅದೂ ಬೇಸಿಗೆಯಲ್ಲಿ, ಅರ್ಥ್ ಟೆಸ್ಟರ್ ಇಟ್ಟು ಅಳತೆ ಮಾಡಿಸಿ, ಬಂದ ಅಂಕಿಯನ್ನು ಗುಂಡಿಯ ಪಕ್ಕದಲ್ಲೇ ದಿನಾಂಕ ಹಾಕಿ ಬರೆಸಿ. ಮಳೆಗಾಲದಲ್ಲಿ ಅಳೆದರೆ ಎಲ್ಲರ ಅರ್ಥ್ ಕೂಡ ಚೆನ್ನಾಗಿಯೇ ಬರುತ್ತದೆ. 415 ವೋಲ್ಟ್‌ನ ಮೂರು ಫೇಸ್ ಮೋಟರ್ ಇದ್ದರೆ ಅದರ ಹೊರಕವಚಕ್ಕೆ ಎರಡು ಬೇರೆಬೇರೆ ಅರ್ಥ್ ಕನೆಕ್ಷನ್ ಇರಬೇಕು ಅಂತ ನಿಯಮವೇ ಹೇಳುತ್ತದೆ. ಒಂದು ಕಳಚಿದರೆ ಇನ್ನೊಂದು ಇರಲಿ ಅಂತ.

ಆಯುಧಪೂಜೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಿಂದಿನ ದಿನ ಪೈಪ್ ಹಿಡಿದು ಮಷೀನ್ ತೊಳೆಯುತ್ತಾರೆ, ಪ್ಯಾನೆಲ್ ಬಾಗಿಲಿಗೆ ಹಾರ, ಬಾಳೆಕಂದಿಗೆ ಸೀರಿಯಲ್ ಸೆಟ್. ಪೂಜೆ ಖಂಡಿತ ಮಾಡಿ. ಮೇನ್ ಆಫ್ ಮಾಡಿ ಒರೆಸಿ, ಪ್ಯಾನೆಲ್ ಹತ್ತಿರ ನೀರು ತರಬೇಡಿ, ಸೀರಿಯಲ್ ಸೆಟ್‌ನ ವೈರನ್ನು ಪ್ಲಗ್ ಇಲ್ಲದೆ ಸಾಕೆಟ್‌ಗೆ ತುರುಕಬೇಡಿ. ಹೇಗಿದ್ದರೂ ಅವತ್ತು ಎಲ್ಲ ಮಷೀನ್ ನಿಂತಿರುತ್ತದೆ, ಅರ್ಥ್ ವೈರ್‌ಗಳ ಬಿಗಿ ನೋಡಲು ಅದಕ್ಕಿಂತ ಒಳ್ಳೆಯ ದಿನ ಇಲ್ಲ.

ರಿಪೇರಿಗೆ ಕೈ ಹಾಕುವ ಮುಂಚೆ

ಹೆಲ್ಪರ್ ಮೋಟರ್ ಕನೆಕ್ಷನ್ ಬಿಚ್ಚುತ್ತಿರುತ್ತಾನೆ, ಆ ಕಡೆಯಿಂದ ಇನ್ನೊಬ್ಬ ಬಂದು ‘ಯಾರಪ್ಪಾ ಇದನ್ನ ಆಫ್ ಮಾಡಿದ್ದು’ ಅಂತ ಸ್ವಿಚ್ ಎತ್ತುತ್ತಾನೆ. ಈ ಒಂದು ಘಟನೆ ನಿಮ್ಮ ಶೆಡ್‌ನಲ್ಲಿ ನಡೆಯುವುದಕ್ಕೇ ಸಾಧ್ಯವಿಲ್ಲದಂತೆ ಮಾಡುವುದು ತುಂಬಾ ಮುಖ್ಯ.

ಮೊದಲು ಆಫ್ ಮಾಡಿ. ಮಷೀನ್ ಮೇಲಿನ ಬಟನ್ ಅಲ್ಲ, ಪ್ಯಾನೆಲ್‌ನ ಐಸೊಲೇಟರ್ (ಲೈನನ್ನೇ ಬೇರ್ಪಡಿಸುವ ಸ್ವಿಚ್) ಅಥವಾ ಎಂಸಿಬಿ. ಆಮೇಲೆ ಬೀಗ ಹಾಕಿ. ಎಂಸಿಬಿಗೆ ಹಾಕುವ ಸಣ್ಣ ಕ್ಲಿಪ್‌ಗಳು ಸಿಗುತ್ತವೆ, ಅದಕ್ಕೆ ಸಾಮಾನ್ಯ ಬೀಗ ಸಾಕು. ಕೀಲಿ ಕೆಲಸ ಮಾಡುವವನ ಜೇಬಿನಲ್ಲಿರಬೇಕು, ಸೂಪರ್‌ವೈಸರ್ ಟೇಬಲ್ ಮೇಲಲ್ಲ. ಇಬ್ಬರು ಕೆಲಸ ಮಾಡುತ್ತಿದ್ದರೆ ಎರಡು ಬೀಗ. ಜೊತೆಗೆ ‘ಕೆಲಸ ನಡೆಯುತ್ತಿದೆ, ಆನ್ ಮಾಡಬೇಡಿ’ ಅಂತ ಬೋರ್ಡ್, ಅದರ ಮೇಲೆ ಹೆಸರು. ಬೀಗ ಹಾಕಿದವನೇ ತೆಗೆಯಬೇಕು. ಊಟಕ್ಕೆ ಹೋಗಿದ್ದರೆ ಬರುವವರೆಗೆ ಕಾಯಿರಿ, ಆರ್ಡರ್ ಎಷ್ಟೇ ಅರ್ಜೆಂಟ್ ಇರಲಿ.

ಇಷ್ಟಾದ ಮೇಲೂ ಮುಟ್ಟುವಂತಿಲ್ಲ. ಆಫ್ ಆಗಿದೆ ಅನ್ನುವುದು ಇನ್ನೂ ನಂಬಿಕೆ ಮಾತ್ರ, ಅದನ್ನು ಮೀಟರ್ ಇಟ್ಟು ಖಾತ್ರಿ ಮಾಡಬೇಕು. ಜೇಬಿನ ಸ್ಕ್ರೂಡ್ರೈವರ್ ಟೆಸ್ಟರ್ ಸಾಲದು. ಅದರೊಳಗಿನ ಬಲ್ಬ್ ಹೋಗಿದ್ದರೂ ಹೊತ್ತುವುದಿಲ್ಲ, ಬಿಸಿಲಿನಲ್ಲಿ ಹೊತ್ತಿದರೂ ಕಾಣುವುದಿಲ್ಲ. ಮಲ್ಟಿಮೀಟರ್ ತೆಗೆದುಕೊಂಡು ಮೊದಲು ಕರೆಂಟ್ ಇರುವ ಒಂದು ಸಾಕೆಟ್‌ನಲ್ಲಿ ನೋಡಿ, ಮೀಟರ್ ಸರಿ ಇದೆ ಅಂತ ಗೊತ್ತಾಗಲಿ. ಆಮೇಲೆ ನೀವು ಕೈ ಹಾಕುವ ಜಾಗದಲ್ಲಿ ಫೇಸ್‌ನಿಂದ ಫೇಸ್‌ಗೆ, ಫೇಸ್‌ನಿಂದ ನ್ಯೂಟ್ರಲ್‌ಗೆ, ಫೇಸ್‌ನಿಂದ ಅರ್ಥ್‌ಗೆ, ಎಲ್ಲವನ್ನೂ ನೋಡಿ. ಮತ್ತೆ ವಾಪಸ್ ಬಂದು ಅದೇ ಸಾಕೆಟ್‌ನಲ್ಲಿ ಇನ್ನೊಮ್ಮೆ ನೋಡಿ, ನಡುವೆ ಮೀಟರೇ ಕೆಟ್ಟಿರಬಹುದಲ್ವಾ? ಒಂದು ನಿಮಿಷದ ಕೆಲಸ ಇದು, ಆದರೂ ಜನ ಬಿಡುವುದು ಇದನ್ನೇ.

ಮೇನ್ ಆಫ್ ಮಾಡಿದರೂ ಕರೆಂಟ್ ಬರುವ ದಾರಿಗಳು ಇವೆ. ಜನರೇಟರ್, ಯುಪಿಎಸ್, ಚಾವಣಿಯ ಸೋಲಾರ್. ಬಿಸಿಲಿರುವವರೆಗೆ ಸೋಲಾರ್ ಪ್ಯಾನೆಲ್‌ನಿಂದ ಬರುವ ಡಿಸಿ ವೈರ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ, ಅದನ್ನು ಆರಿಸುವ ಸ್ವಿಚ್ ಸೂರ್ಯನ ಹತ್ತಿರ ಮಾತ್ರ ಇದೆ. ಮೋಟರ್ ವೇಗ ಬದಲಿಸುವ ಡ್ರೈವ್ ಇದ್ದರೆ ಅದರ ಕೆಪಾಸಿಟರ್‌ಗಳು ಆಫ್ ಆದ ಮೇಲೂ ಚಾರ್ಜ್ ಹಿಡಿದುಕೊಂಡಿರುತ್ತವೆ. ಎಷ್ಟು ನಿಮಿಷ ಕಾಯಬೇಕು ಅಂತ ಡ್ರೈವ್‌ನ ಮೇಲೆಯೇ ಬರೆದಿರುತ್ತಾರೆ, ಅಷ್ಟು ಹೊತ್ತು ಕೂತು ಟೀ ಕುಡಿಯಿರಿ. ಪ್ಯಾನೆಲ್ ಬಿಚ್ಚುವವನು ಉಂಗುರ, ಸರ, ಕಡಗ ತೆಗೆದಿಡಬೇಕು. ಪ್ಯಾನೆಲ್ ಮುಂದೆ ರಬ್ಬರ್ ಮ್ಯಾಟ್ ಇರಬೇಕು, ಕಾರಿನಲ್ಲಿ ಹಾಕುವಂಥದ್ದಲ್ಲ, ಐಎಸ್ 15652 ಅಂತ ಅಚ್ಚಾಗಿರುವ ಇನ್ಸುಲೇಟಿಂಗ್ ಮ್ಯಾಟ್.

ಪ್ಯಾನೆಲ್ ಬಿಚ್ಚುವವನು ಯಾರು? ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ಕೊಡುವ ವೈರ್‌ಮನ್ ಪರ್ಮಿಟ್ ಇರುವವನು. ‘ನಮ್ಮ ಹುಡುಗ ಎಲ್ಲ ಕಲ್ತಿದಾನೆ’ ಅನ್ನುವುದು ಪರ್ಮಿಟ್ ಅಲ್ಲ.

ಕೈ ಟೂಲ್, ವೆಲ್ಡಿಂಗ್, ಏಣಿ

ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಪ್ಲಗ್ ಇಲ್ಲದೆ ವೈರ್ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವುದನ್ನು ಇವತ್ತೇ ನಿಲ್ಲಿಸಿ. ಟೇಪ್ ಸುತ್ತಿದ ಜಾಯಿಂಟ್ ನೆಲದ ಮೇಲೆ ಬಿದ್ದಿದ್ದರೆ ಆ ವೈರ್ ಬದಲಾಯಿಸಿ, ವೈರ್‌ನ ಬೆಲೆ ದೊಡ್ಡದಲ್ಲ. ಗ್ರಾನೈಟ್ ಕಟ್ಟರ್‌ನಂಥ ನೀರು ಹರಿಸಿ ಕೆಲಸ ಮಾಡುವ ಟೂಲ್‌ಗಳು ಆರ್‌ಸಿಸಿಬಿ ಇಲ್ಲದ ಸಾಕೆಟ್‌ಗೆ ಹೋಗಲೇಬಾರದು.

ವೆಲ್ಡಿಂಗ್‌ನವರು ‘ಇದರಲ್ಲಿ ವೋಲ್ಟೇಜ್ ಕಡಿಮೆ’ ಅನ್ನುತ್ತಾರೆ. ಉರಿಯುವಾಗ ಕಡಿಮೆ, ನಿಜ. ಉರಿಯದೆ ಸುಮ್ನೆ ಇರುವಾಗ ಹೋಲ್ಡರ್‌ನಲ್ಲಿ 70, 80 ವೋಲ್ಟ್‌ವರೆಗೂ ಇರಬಹುದು. ಟ್ಯಾಂಕ್ ಒಳಗೆ ಕೂತು, ಬೆವರಿನಲ್ಲಿ ನೆನೆದು, ಬೆನ್ನು ಕಬ್ಬಿಣಕ್ಕೆ ಒರಗಿದವನಿಗೆ ಅದು ಜಾಸ್ತಿಯೇ. ಒಣ ಗ್ಲೌಸ್, ಕೆಳಗೆ ಒಣ ಹಲಗೆ, ಹೊರಗೆ ಮಷೀನ್ ಆಫ್ ಮಾಡಲು ಒಬ್ಬ. ರಾಡ್ ಬದಲಿಸುವಾಗ ಬರಿಗೈ ಬೇಡ.

ಕಟ್ಟಡದ ಕೆಲಸ ಮಾಡಿಸುವ ಮೇಸ್ತ್ರಿಗಳು ಕೆಲಸ ಶುರು ಮಾಡುವ ಮುಂಚೆ ತಲೆ ಎತ್ತಿ ನೋಡಲಿ. 11 ಕೆವಿ (11,000 ವೋಲ್ಟ್) ಲೈನ್‌ಗೂ ಕಟ್ಟಡಕ್ಕೂ ಪಕ್ಕದಲ್ಲಿ 1.2 ಮೀಟರ್, ಮೇಲೆ 3.7 ಮೀಟರ್ ಅಂತರ ಇರಲೇಬೇಕು. ಆದರೆ ಸಾಯುವುದು ಕಟ್ಟಡವಲ್ಲ, 12 ಮೀಟರ್‌ನ ಕಬ್ಬಿಣದ ಸರಳನ್ನು ಮಹಡಿಯ ಮೇಲೆ ತಿರುಗಿಸುವ ಹುಡುಗ. ಅಲ್ಯೂಮಿನಿಯಂ ಏಣಿಯೂ ಹಾಗೇ. ಲೈನ್ ಹತ್ತಿರ ಇದ್ದರೆ ಎಸ್ಕಾಂಗೆ (ನಿಮ್ಮ ಊರಿಗೆ ಕರೆಂಟ್ ಕೊಡುವ ಕಂಪನಿಗೆ) ಅರ್ಜಿ ಕೊಟ್ಟು ಲೈನ್ ಸ್ಥಳಾಂತರ ಮಾಡಿಸಿ, ಇಲ್ಲವೇ ಲೈನ್ ಆಫ್ ಮಾಡಿಸಿ ಕೆಲಸ ಮಾಡಿ. ತಂತಿ ಹರಿದು ಬಿದ್ದಿದ್ದರೆ ಯಾರನ್ನೂ ಹತ್ತಿರ ಬಿಡದೆ 1912ಕ್ಕೆ ಫೋನ್ ಮಾಡಿ.

ತರಬೇತಿ ಅಂದರೆ ಭಾಷಣ ಅಲ್ಲ

ವರ್ಷಕ್ಕೊಂದು ದಿನ ಯಾರನ್ನೋ ಕರೆಸಿ, ಪ್ರೊಜೆಕ್ಟರ್ ಹಾಕಿ, ಫೋಟೊ ತೆಗೆಸಿಕೊಂಡು, ಬಿಸ್ಕತ್ತು ಹಂಚಿದರೆ ಫೈಲ್‌ಗೆ ಒಳ್ಳೆಯದು, ಕೆಲಸಗಾರನಿಗೆ ಏನೂ ಇಲ್ಲ. ತರಬೇತಿ ನಿಮ್ಮ ಶೆಡ್‌ನ ನಿಮ್ಮದೇ ಪ್ಯಾನೆಲ್ ಮುಂದೆ ಆಗಬೇಕು. ವಾರಕ್ಕೊಮ್ಮೆ ಹತ್ತು ನಿಮಿಷ, ಸೋಮವಾರ ಬೆಳಿಗ್ಗೆ ಕೆಲಸ ಹಂಚುವ ಹೊತ್ತಿಗೇ. ಒಂದು ಸಲಕ್ಕೆ ಒಂದೇ ವಿಷಯ. ಈ ವಾರ ಮೇನ್ ಎಲ್ಲಿದೆ, ಕಣ್ಣು ಮುಚ್ಚಿ ಹೋಗಿ ಆಫ್ ಮಾಡಬಲ್ಲೆಯಾ. ಮುಂದಿನ ವಾರ ಬೀಗ ಹಾಕುವುದು. ಅದರ ಮುಂದಿನ ವಾರ ಒಡೆದ ಪ್ಲಗ್, ಸೀಳಿದ ವೈರ್, ಸುಟ್ಟ ಸಾಕೆಟ್ ಮೇಜಿನ ಮೇಲಿಟ್ಟು ‘ಇದರಲ್ಲಿ ಏನು ತಪ್ಪಿದೆ ಹೇಳಿ’ ಅಂತ ಕೇಳುವುದು. ನೀವು ಹೇಳಬೇಡಿ, ಅವರು ಹೇಳಲಿ. ಅವನು ಕೈಯಾರೆ ಮಾಡಿ ತೋರಿಸಿದರೆ ಮಾತ್ರ ಕಲಿತಿದ್ದಾನೆ ಅಂತ ಲೆಕ್ಕ, ತಲೆ ಆಡಿಸಿದರೆ ಅಲ್ಲ.

ಭಾಷೆ ನೋಡಿಕೊಳ್ಳಿ. ಬೆಂಗಳೂರಿನ ಶೆಡ್‌ಗಳಲ್ಲಿ ರಾಯಚೂರಿನವರು ಒಂದು ಕಡೆ, ಬಿಹಾರ, ಒಡಿಶಾದಿಂದ ಬಂದವರು ಇನ್ನೊಂದು ಕಡೆ. ಕನ್ನಡದಲ್ಲಿ ಹೇಳಿ, ಹಿಂದಿಯಲ್ಲಿ ಹೇಳಿ, ಚಿತ್ರ ಬರೆದು ತೋರಿಸಿ. ಬೋರ್ಡ್ ಇಂಗ್ಲಿಷ್‌ನಲ್ಲಿ ಮಾತ್ರ ಇದ್ದರೆ ಅದು ಇನ್ಸ್‌ಪೆಕ್ಟರ್‌ಗಾಗಿ ಹಾಕಿದ್ದು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಹೊಸಬ ಬಂದರೆ ಮೊದಲ ದಿನವೇ ಕಲಿಸಿ, ಸೋಮವಾರಕ್ಕೆ ಕಾಯಬೇಡಿ. ಯಾರಿಗೆ, ಯಾವತ್ತು, ಏನು ಕಲಿಸಿದ್ದು ಅಂತ ಒಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ.

ಅದೇ ಪುಸ್ತಕದ ಹಿಂದಿನ ಪುಟಗಳನ್ನು ‘ಜುಂ ಅಂದದ್ದು’ ಬರೆಯಲು ಬಿಡಿ. ಯಾವ ಮಷೀನ್, ಯಾವ ದಿನ. ಬರೆದವನಿಗೆ ಬೈಗುಳ ಬಿದ್ದರೆ ನಾಳೆಯಿಂದ ಯಾರೂ ಬರೆಯುವುದಿಲ್ಲ. ಹಾಗೇ ಮಾಲೀಕರು ಎಲ್ಲರ ಎದುರು ಒಂದು ಮಾತು ಕೊಡಬೇಕು: ಅನುಮಾನ ಬಂದು ಯಾರೇ ಮೇನ್ ಆಫ್ ಮಾಡಿದರೂ, ಆಮೇಲೆ ಏನೂ ಇರಲಿಲ್ಲ ಅಂತ ಗೊತ್ತಾದರೂ, ಅವನ ಕೂಲಿ ಕಡಿಯುವುದಿಲ್ಲ.

ಹೊಡೆದೇಬಿಟ್ಟರೆ

ಓಡಿಹೋಗಿ ಹಿಡಿದು ಎಳೆಯಬೇಡಿ, ಇಬ್ಬರಾಗುತ್ತೀರಿ. ಮೇನ್ ಆಫ್. ಆಗದಿದ್ದರೆ, ಅದು 230 ಅಥವಾ 415 ವೋಲ್ಟ್‌ನದ್ದಾಗಿದ್ದರೆ ಮಾತ್ರ, ಒಣ ಹಲಗೆಯ ಮೇಲೆ ನಿಂತು ಒಣ ಮರದ ಕೋಲಿನಿಂದ ಬಿಡಿಸಿ. ಹೈ ಟೆನ್ಶನ್ ಲೈನ್ ಆದರೆ ಕೋಲೂ ಬೇಡ, ಲೈನ್ ಆಫ್ ಆಗುವವರೆಗೆ ದೂರವೇ ಇರಿ.

ಒಬ್ಬ 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಲಿ. ಮಾತಾಡಿಸಿದರೆ ಎಚ್ಚರ ಇಲ್ಲ, ಉಸಿರಾಟವೂ ಸರಿಯಾಗಿಲ್ಲ ಅಂದರೆ ಇನ್ನೊಬ್ಬ ತಕ್ಷಣ ಎದೆ ಒತ್ತಲು ಶುರು ಮಾಡಬೇಕು. ಗಟ್ಟಿ ನೆಲದ ಮೇಲೆ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಮೊಣಕೈ ಮಡಚದೆ, 5 ಸೆಂಟಿಮೀಟರ್‌ಗಿಂತ ಕಡಿಮೆ ಆಗದಂತೆ ಒತ್ತಿ. ನಿಮಿಷಕ್ಕೆ 100ರಿಂದ 120 ಸಲ. ಸುಸ್ತಾಗುತ್ತದೆ, ಎರಡು ನಿಮಿಷಕ್ಕೊಮ್ಮೆ ಆಳು ಬದಲಾಯಿಸಿ, ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಇದನ್ನು ಓದಿ ಕಲಿಯಲು ಆಗುವುದಿಲ್ಲ, ಗೊಂಬೆಯ ಮೇಲೆ ಒತ್ತಿಯೇ ಕಲಿಯಬೇಕು. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್‌ನವರು ಕಲಿಸುತ್ತಾರೆ, ಶಿಫ್ಟ್‌ಗೆ ಇಬ್ಬರನ್ನಾದರೂ ಕಳಿಸಿ.

ಎದ್ದು ಕೂತು ‘ನನಗೇನೂ ಆಗಿಲ್ಲ, ನೀರು ಕೊಡಿ’ ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ತೆಗೆಸಿ. ಮೇಲೆ ಚಿಕ್ಕ ಬೊಬ್ಬೆ ಕಂಡರೂ ಒಳಗೆ ಮಾಂಸ ಸುಟ್ಟಿರಬಹುದು, ಹೃದಯದ ತಾಳ ಆಮೇಲೂ ಏರುಪೇರಾಗಬಹುದು. ವೈರ್‌ಗೆ ಬೆಂಕಿ ಹತ್ತಿದ್ದರೆ ನೀರು ಎರಚದೆ ಕಾರ್ಬನ್ ಡೈಆಕ್ಸೈಡ್ ಅಥವಾ ಪುಡಿಯ ಸಿಲಿಂಡರ್ ಬಳಸಿ.

ಜೀವ ಹೋಗಿದ್ದರೆ, ಗಾಯ ಆಗಿದ್ದರೆ, 24 ಗಂಟೆಯೊಳಗೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು ಅಂತ ಕಾನೂನಿದೆ. ಅವರು ಬಂದು ನೋಡುವವರೆಗೆ ಆ ಮಷೀನ್, ಆ ವೈರ್, ಆ ಪ್ಲಗ್ ಇದ್ದ ಹಾಗೇ ಇರಲಿ, ಆ ಲೈನ್‌ಗೆ ಬೀಗ ಹಾಕಿ ಬಿಡಿ.