ಬೋಟಿನ ಕಂಪಾಸ್‌ನ್ಯಾಗಿನ ಗುಳ್ಳಿ ತೆಗೆದದ್ದು, ನನ್ನ ಅನುಭವ

ಕಂಪಾಸ್‌ನ್ಯಾಗ ತುಂಬಿರೂ ದ್ರವದಾಗ ಗಾಳಿ ಗುಳ್ಳಿ ಬಂತಂದ್ರ ಎಲ್ಲಾರೂ ಮೊದಲ ಕೇಳೂದು "ಯಾವ ಎಣ್ಣಿ ಹಾಕ್ಬೇಕ್ರಿ" ಅಂತ. ಎಣ್ಣಿ ಆಮ್ಯಾಲ ನೋಡೂಣು, ಮೊದಲ ತಳದಾಗಿನ ರಬ್ಬರ್ ನೋಡ್ರಿ ಅಂತೀನಿ ನಾ.

ಬೆಳಗಾವಿ ಉದ್ಯಮಬಾಗದಾಗ ನಂದು ಹೈಡ್ರಾಲಿಕ್ ಸಿಲಿಂಡರಿನ ಸೀಲ್ ಬದಲಿ ಮಾಡೂ ವರ್ಕ್‌ಶಾಪ್ ಐತಿ. ನಮ್ಮ ಬೀಗರದು ಕಾರವಾರದಾಗ ಟ್ರಾಲರ್ ಬೋಟ್, ಅದರ ಕಂಪಾಸ್ ತಂದು ಟೇಬಲ್ ಮ್ಯಾಲ ಇಟ್ಟು "ನೀವು ಸೀಲಿನ ಕೆಲಸದವ್ರು, ಇದೂ ಸೀಲಿಂದ ರೋಗ ಐತಿ ನೋಡ್ರಿ ಬೀಗರ" ಅಂದ್ರು. ಜಿಪಿಎಸ್ ಐತಲ್ರಿ, ಇದ್ಯಾಕ ಬೇಕು ಅಂದೆ. ಬೋಟ್ ನಿಂತಾಗ ಮೂತಿ ಯಾವ ಕಡೆ ಐತಿ ಅಂತ ಜಿಪಿಎಸ್ ಹೇಳೂದಿಲ್ರಿ, ಅದು ಓಡಿದ್ರ ಮಾತ್ರ ದಿಕ್ಕು ತೋರಸ್ತೈತಿ ಅಂದ್ರು. ಖರೇನ ಮಾತು.

ಒಳಗ ಏನಿರ್ತೈತಿ ಅಂದ್ರ, 0 ರಿಂದ 360 ಡಿಗ್ರಿ ಬರೆದ ಒಂದು ಕಾರ್ಡ್, ಅದರ ಬುಡಕ ಮ್ಯಾಗ್ನೆಟ್, ನಡುವ ಒಂದು ಫ್ಲೋಟ್. ಕಾರ್ಡಿನ ನಡುವ ಇರೂ ಸಣ್ಣ ಹರಳಿನ ಕುಳಿ ಒಂದು ಚೂಪು ಮೊಳಿ ಮ್ಯಾಲ ಕುಂತಿರ್ತೈತಿ. ಸುತ್ತ ತುಂಬಿರೂ ದ್ರವ ಎರಡು ಕೆಲಸ ಮಾಡ್ತೈತಿ, ಒಂದು ಕಾರ್ಡಿನ ಭಾರ ಎತ್ತಿ ಹಿಡದು ಮೊಳಿ ತುದಿ ಸವಿಯದಂಗ ನೋಡ್ಕೋತೈತಿ, ಇನ್ನೊಂದು ತೆರಿ ಹೊಡೆದಾಗ ಕಾರ್ಡ್ ಗಿರಗಿರ ತಿರುಗದಂಗ ತಡೀತೈತಿ. ಇಂಗ್ಲೆಂಡಿನ ಫ್ರಾನ್ಸಿಸ್ ಕ್ರೋ ಅನ್ನಾಂವ 1813ರಾಗನ ದ್ರವ ತುಂಬಿದ ಕಂಪಾಸಿಗೆ ಪೇಟೆಂಟ್ ತಗೊಂಡಿದ್ದ, 1860ರ ದಶಕದಾಗ ಬೋಸ್ಟನ್ನಿನ ಎಡ್ವರ್ಡ್ ರಿಚಿ ಅದನ್ನ ಹಡಗಿನವ್ರು ನಂಬೂವಂಗ ಮಾಡಿದ. ಗುಳ್ಳಿ ತಂಟೆ ಮಾತ್ರ ಇನ್ನೂ ಬಿಟ್ಟಿಲ್ಲ.

ಕಾರಣ ಸರಳ ಐತಿ. ಪೆಟ್ರೋಲಿಯಂ ಜಾತಿ ದ್ರವ 20 ಡಿಗ್ರಿ ಕಾವು ಏರಿದ್ರ ನೂರಕ್ಕೆ ಸುಮಾರು ಎರಡು ಭಾಗ ಉಬ್ಬತೈತಿ, ಗ್ಲಾಸು ಬೌಲು ಅಷ್ಟು ಉಬ್ಬೂದಿಲ್ಲ, ಅದಕ್ಕ ತಳದಾಗ ಒಂದು ತೆಳು ರಬ್ಬರ್ ಡಯಾಫ್ರಾಮ್ ಕೊಟ್ಟಿರ್ತಾರ, ಬಿಸಿಲಿಗೆ ಹೊರಗ ಉಬ್ಬಿ ಥಂಡಿಗೆ ಒಳಗ ಸರಿತೈತಿ. ವರ್ಷಗಟ್ಟಲೆ ಉಪ್ಪುಗಾಳಿ ಬಿಸಿಲು ತಿಂದು ಅದು ಬಿರುಸಾತಂದ್ರ ಒಳಗ ಸರಿಯೂದಿಲ್ಲ, ಥಂಡಿಗೆ ದ್ರವ ಕುಗ್ಗಿದಾಗ ಹೊರಗಿನ ಗಾಳಿ ಎಲ್ಲೋ ಒಂದು ಸಂದಿ ಹಿಡಿದು ಒಳಗ ಬರ್ತೈತಿ. ಹೊಸಾ ಎಣ್ಣಿ ಹಾಕಿ ಹಳೇ ರಬ್ಬರ್ ಬಿಟ್ರ ಥಂಡಿ ಬಂದ ಕೂಡ್ಲೇ ಮತ್ತ ಗುಳ್ಳಿ ರೆಡಿ. ಇನ್ನೊಂದು, ಕಾರವಾರದಿಂದ ಘಾಟ್ ಹತ್ತಿ ಬೆಳಗಾವಿಗೆ ಬಂದ್ರ ಸುಮಾರು 750 ಮೀಟರ್ ಮ್ಯಾಲ ಬಂದಂಗ, ಗಾಳಿ ಒತ್ತಡ ಕಡಿಮಿ, ಇದ್ದ ಗುಳ್ಳಿ ಇಲ್ಲಿ ಸ್ವಲ್ಪ ದೊಡ್ಡದಾಗಿ ಕಾಣ್ತೈತಿ, ಗಾಬರಿ ಆಗಬ್ಯಾಡ್ರಿ.

ಬಿಚ್ಚೂಕಿಂತ ಮೊದಲ ತುಂಬೂ ಸ್ಕ್ರೂ ಸಡಿಲ ಮಾಡಿ ಸಿರಿಂಜಿನಿಂದ ಒಂದೀಟು ದ್ರವ ತೆಗೆದು ನೀರಿನ ಗ್ಲಾಸಿಗೆ ಹನಿಸಿ ನೋಡಿದೆ. ನೀರಾಗ ಕೂಡಿ ಹೋದ್ರ ಆಲ್ಕೋಹಾಲ್ ಜಾತಿ, ಮ್ಯಾಲ ತೇಲಿದ್ರ ಎಣ್ಣಿ ಜಾತಿ. ನಮ್ಮದು ತೇಲಿತು. ಈ ಎರಡೂ ಕೂಡಿಸೂವಂಗಿಲ್ಲ, ಅದರಾಗೂ ಮ್ಯಾಲಿನ ಗುಮ್ಮಟ ಅಕ್ರಿಲಿಕ್ ಇದ್ರ ಆಲ್ಕೋಹಾಲ್ ಮುಟ್ಟಸಬ್ಯಾಡ್ರಿ, ಸಣ್ಣ ಸಣ್ಣ ಬಿರುಕು ಬಿಡ್ತೈತಿ. ಸೀಮಿಎಣ್ಣಿ ಹಾಕ್ರಿ ಅಂತ ಹೇಳವ್ರು ಭಾಳ ಮಂದಿ ಅದಾರ, ನನಗ ಅದು ಸೇರೂದಿಲ್ಲ, ಹಳದಿ ಆಗ್ತೈತಿ, ಕಾರ್ಡಿನ ಬಣ್ಣಕ್ಕೂ ಧೋಖಾ. ಮೆಡಿಕಲ್ ಅಂಗಡಿ ಲಿಕ್ವಿಡ್ ಪ್ಯಾರಾಫಿನ್ ಸ್ವಚ್ಛ ಇರ್ತೈತಿ ಖರೆ ಆದ್ರ ಮಂದ ಭಾಳ, ಕಾರ್ಡ್ ಮುದುಕರಗತೆ ನಿಧಾನ ತಿರುಗತೈತಿ. ನಾ ತಂದದ್ದು ಕೆಮಿಕಲ್ ಡೀಲರ್ ಕಡಿಂದ ವಾಸನಿ ಇಲ್ಲದ ಮಿನರಲ್ ಸ್ಪಿರಿಟ್ (ಹೆಸರು ಸ್ಪಿರಿಟ್ ಆದ್ರೂ ಇದು ಆಲ್ಕೋಹಾಲ್ ಅಲ್ಲ, ಪೆಟ್ರೋಲಿಯಂ ಜಾತಿದು), ಅದನ್ನೂ ಮೊದಲ ಕಾರ್ಡಿನ ಹಿಂದಿನ ಬಣ್ಣಕ್ಕ, ಗುಮ್ಮಟದ ಅಂಚಿಗೆ ಹಚ್ಚಿ ರಾತ್ರಿ ಎಲ್ಲಾ ಬಿಟ್ಟು ನೋಡಿ ಆಮ್ಯಾಲ ತುಂಬಿದ್ದು.

ರಬ್ಬರಿಗೆ ಬೆಳಗಾವ್ಯಾಗ ಬರಾ ಇಲ್ಲ, ಹೈಡ್ರಾಲಿಕ್ ಊರು ಇದು, ಓ-ರಿಂಗು (ಸೀಲಿನ ರಬ್ಬರ್ ಬಳಿ) ಯಾವ ಸೈಜ್ ಬೇಕಾದ್ರೂ ಸಿಗ್ತಾವ. ನೈಟ್ರೈಲ್ ರಬ್ಬರ್ ಇರಬೇಕು ಅಷ್ಟ. ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದ್ರ ಎಣ್ಣ್ಯಾಗ ಉಬ್ಬಿ ಮೆತ್ತಗಾಗಿ ಕೆಲಸಾ ಕೆಡತೈತಿ. ತೆಳು ನೈಟ್ರೈಲ್ ಹಾಳಿ ತಂದು ಹಳೇ ಡಯಾಫ್ರಾಮ್ ಅಳತಿ ಇಟ್ಟು ಕತ್ತರಿಸಿದೆ, ಎಳೆದು ಬಿಗಿಯಾಗಿ ಕೂಡಸಬಾರದು, ಒಳಗ ಹೊರಗ ಸರ್ಯಾಕ ಸಡಿಲ ಇರಬೇಕು. ಗುಮ್ಮಟದ ಓ-ರಿಂಗ್, ತುಂಬೂ ಸ್ಕ್ರೂದ ವಾಷರ್ ಎಲ್ಲಾ ಹೊಸಾವು. ಬಿಚ್ಚಿದ ಸ್ಕ್ರೂ ಒಂದೊಂದೂ ಮ್ಯಾಗ್ನೆಟ್ ಹಚ್ಚಿ ನೋಡಿದೆ, ಹಿತ್ತಾಳಿ ನಡುವ ಒಂದು ಕಬ್ಬಿಣದ್ದು ಸಿಕ್ತು, ಹಿಂದ ಯಾರೋ ಕಳೆದದ್ದರ ಬದಲಿ ಹಾಕಿದ್ರು ಕಾಣ್ತೈತಿ, ಅದೊಂದರಿಂದಾನ ಕಾರ್ಡ್ ಒಂದು ಕಡೆ ಎಳೀತಿತ್ತು.

ತುಂಬೂದು ಸಾವಕಾಶದ ಕೆಲಸ. ದ್ರವದಾಗ ಕರಗಿದ ಗಾಳಿ ಇರ್ತೈತಿ, ಅದು ಮುಂದ ಗುಳ್ಳಿ ಆಗಿ ಬರ್ತೈತಿ. ದೊಡ್ಡ ಸಿರಿಂಜಿನಾಗ ಅರ್ಧ ಎಳೆದು ಬಾಯಿ ಮುಚ್ಚಿ ದಟ್ಟೆ (ಪಿಸ್ಟನ್) ಹಿಂದ ಜಗ್ಗಿ ಹಿಡಿದ್ರ ಸಣ್ಣ ಸಣ್ಣ ಗುಳ್ಳಿ ಎದ್ದು ಬರ್ತಾವ, ಅವನ್ನ ಹೊರಗ ಹಾಕಿ ಆಮ್ಯಾಲ ಬೌಲಿಗೆ ಹಾಕೂದು. ಗುಮ್ಮಟ ಕೆಳಗ, ತೂತು ಮ್ಯಾಲ ಬರೂವಂಗ ಹಿಡಿದು ಅತ್ತಿತ್ತ ಓಲಾಡಿಸಿ, ಬೆರಳಿನಿಂದ ಟಕ್ ಟಕ್ ಬಡಿದು, ಫ್ಲೋಟಿನ ಬುಡಕ ಅವಿತ್ಕೊಂಡ ಗಾಳಿ ಸೈತ ಹೊರಗ ಬರೂತನಕ ಬಿಡಬಾರದು. ಬೆಳಗಿನ ಥಂಡಿ ಮಧ್ಯಾಹ್ನದ ಸುಡುಬಿಸಿಲು ಎರಡೂ ಬ್ಯಾಡ, ನಡುವಿನ ಹೊತ್ತಿನ್ಯಾಗ ಡಯಾಫ್ರಾಮ್ ನಡುವ ಇದ್ದಾಗ ಸ್ಕ್ರೂ ಬಿಗೀರಿ. ಸ್ಪಿರಿಟ್ ಬೆಂಕಿ ಹಿಡಿಯೂ ಸಾಮಾನು, ಬಾಗಿಲು ತೆರೆದಿರ್ರಿ, ವೆಲ್ಡಿಂಗ್ ನಡಿಯೂ ಕಡೆ ಕುಂದ್ರಬ್ಯಾಡ್ರಿ.

ಆಮ್ಯಾಲ ಫ್ರಿಡ್ಜಿನ್ಯಾಗ ಇಟ್ಟೆ, ಹೊರಗ ಬಿಸಿಲಾಗ ಇಟ್ಟೆ (ಮನ್ಯಾಕಿ ಬೈದ್ಲು, ಹಾಲಿನ ಪಕ್ಕದಾಗ ಕಂಪಾಸ್ ಅಂತ), ಗುಳ್ಳಿ ಬರಲಿಲ್ಲ.

ಮೊಳಿ ಸವದೈತೋ ಇಲ್ಲೋ ನೋಡಾಕ ವರ್ಕ್‌ಶಾಪ್ ಉಪಯೋಗಿಲ್ಲ, ಲೇಥು ಡ್ರಿಲ್ಲು ಕಬ್ಬಿಣದ ಟೇಬಲ್ಲು ಎಲ್ಲಾ ಎಳೀತಾವ. ಊರ ಹೊರಗ ಬಯಲಿಗೆ ಹೋಗಿ ಕಟ್ಟಿಗಿ ಸ್ಟೂಲ್ ಮ್ಯಾಲ ಇಟ್ಟೆ, ಮೋಬೈಲ್ ದೂರ, ಬೈಕ್ ಇನ್ನೂ ದೂರ. ಸಣ್ಣ ಮ್ಯಾಗ್ನೆಟ್ ತಂದು ಕಾರ್ಡ್ ಸ್ವಲ್ಪ ಸರಿಸಿ, ಮ್ಯಾಗ್ನೆಟ್ ದೂರ ಒಯ್ದ ಮ್ಯಾಲ ಮೊದಲಿನ ಅಂಕಿಗೇ ಬಂದು ನಿಲ್ತೈತೇನು ನೋಡೂದು, ಬಲಕ್ಕೂ ಎಡಕ್ಕೂ. ಒಂದು ಡಿಗ್ರಿಗಿಂತ ಹೆಚ್ಚು ಫರಕ್ ಬಂದ್ರ ಮೊಳಿ ಇಲ್ಲಾ ಹರಳು ಕೆಟ್ಟೈತಿ, ಎಣ್ಣಿ ಏನೂ ಮಾಡೂದಿಲ್ಲ. ನಮ್ಮದು ಛಲೋ ಬಂತು. ಕಾರ್ಡ್ ಸಪಾಟ ಕುಂತೈತೇನು ಅದನ್ನೂ ನೋಡ್ರಿ. ಭೀಮಗಡ ಕಡೆ ಟ್ರೆಕ್ಕಿಂಗ್ ಹೋಗೂ ಹುಡುಗೊಬ್ಬಂದು ಅಮೆರಿಕದಿಂದ ತರಿಸಿದ ಕಂಪಾಸ್ ಐತಿ, ಅದರ ಮುಳ್ಳು ಇಲ್ಲಿ ಓರೆ ಆಗಿ ತಿಕ್ಕತೈತಿ. ಅಲ್ಲಿ ಭೂಮಿಯ ಮ್ಯಾಗ್ನೆಟ್ ಎಳೆತ ಮುಳ್ಳಿನ ಉತ್ತರದ ತುದಿನ ಜೋರಾಗಿ ಕೆಳಗ ಎಳಿತೈತಿ, ಅದಕ್ಕ ದಕ್ಷಿಣ ತುದಿಗೆ ತೂಕ ಹಾಕಿರ್ತಾರ, ನಮ್ಮ ಕಡೆ ಆ ಎಳೆತ ಭಾಳ ಕಡಿಮಿ, ಹಾಕಿದ ತೂಕಾನ ಕೆಳಗ ಇಳೀತೈತಿ.

ಉಳಿದದ್ದು ಬೋಟಿನ ಮ್ಯಾಲಿನ ಕೆಲಸ, ಇಂಜಿನ್, ವೈರು, ವಿಂಚು ಎಲ್ಲಾ ಸೇರಿ ಎಳೆಯೂದಕ್ಕ ಡೀವಿಯೇಷನ್ ಅಂತಾರ, ಅದನ್ನ ಬೆಳಗಾವ್ಯಾಗ ಕುಂತು ತೆಗಿಯಾಕ ಬರೂದಿಲ್ಲ. ಈ ತಪ್ಪು ಸರಿ ಮಾಡಾಕಂತ ಕಂಪಾಸಿನ ಪಕ್ಕದಾಗ ಇರೂ ಎರಡು ಹಿತ್ತಾಳಿ ತಿರಪು ನಡುವಿಗೆ ಇಟ್ಟು ಬೀಗರಿಗೆ ಹೇಳಿ ಕಳಿಸಿದೆ: ಉತ್ತರಕ್ಕ ಮೂತಿ ಮಾಡಿ ಇದ್ದ ತಪ್ಪು ಪೂರಾ ತೆಗಿರಿ, ದಕ್ಷಿಣಕ್ಕ ತಿರುಗಿಸಿ ಉಳಿದದ್ದರಾಗ ಅರ್ಧ ತೆಗಿರಿ, ಪೂರ್ವ ಪಶ್ಚಿಮಕ್ಕೂ ಹಂಗ, ಸ್ಕ್ರೂಡ್ರೈವರ್ ಹಿತ್ತಾಳಿದ ಇರಲಿ, ತಿರುಗಿದ ಕೂಡ್ಲೇ ಓದಬ್ಯಾಡ್ರಿ, ಒಳಗಿನ ದ್ರವ ಕಾರ್ಡಿನ್ನ ಎಳಕೊಂಡು ಹೋಗಿರ್ತೈತಿ, ಸ್ವಲ್ಪ ತಡೀರಿ. ಫೋನ್ ಮಾಡಿ ಎಲ್ಲಾ ಆತು, ಪಶ್ಚಿಮಕ್ಕ ಮಾತ್ರ ಇನ್ನೂ ಎರಡು ಡಿಗ್ರಿ ಉಳೀತೈತಿ ಅಂದ್ರು. ಕಂಪಾಸಿನ ಬಾಜೂಕ ಏನೈತ್ರಿ ಅಂತ ಕೇಳಿದೆ. ಹಾಡು ಕೇಳಾಕ ಸ್ಪೀಕರ್ ಇಟ್ಟಾರಂತ. ಅದನ್ನ ಕ್ಯಾಬಿನ್ನಿನ ಆ ತುದಿಗೆ ಒಯ್ದು ಮತ್ತ ಮೊದಲಿಂದ ಮಾಡ್ರಿ ಅಂದೆ.