ಎಷ್ಟನೇ ಪುಟದಲ್ಲಿ ಬಿಟ್ಟಿರಿ?

ಕಾಪುವಿನ ಮಾಮ ಮೊನ್ನೆ ಫೋನ್ ಮಾಡಿ, ‘ಮುಂದಿನ ಭಾಗ ಉಂಟಾ ಮಾರಾಯ್ತಿ? ಇವತ್ತಿನ ಬಸ್ಸಿಗೇ ಹಾಕು’ ಎಂದರು. ಬ್ಯಾಂಕಿನಿಂದ ರಿಟೈರ್ ಆದವರು. ಮೂರು ವರ್ಷದ ಹಿಂದೆ ಇದೇ ಮಾಮ ನನ್ನ ಅಂಗಡಿಯ ಸ್ಟೂಲಿನಲ್ಲಿ ಕೂತು, ‘ನಿನ್ನ ಈ ರಾಕೆಟ್ಟು, ರಾಕ್ಷಸರ ಪುಸ್ತಕ ಎಲ್ಲ ಇಲ್ಲಿ ಯಾರು ಓದುತ್ತಾರೆ? ಸುಮ್ನೆ ದುಡ್ಡು ಹಾಳು’ ಎಂದಿದ್ದರು. ಈಗ ಅವರದ್ದು ಹದಿನಾಲ್ಕೋ ಹದಿನೈದೋ ಪುಸ್ತಕ ಮುಗಿದಿದೆ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಸೈ-ಫೈ ಅಂದರೆ ವಿಜ್ಞಾನದ ಕಲ್ಪನೆಯ ಕತೆ, ಫ್ಯಾಂಟಸಿ ಅಂದರೆ ಮಾಯೆ ಮಂತ್ರದ ಕತೆ. ಇವನ್ನು ಎರವಲು ಕೊಟ್ಟು ಓದಿಸುವ ಗುಂಪು ನನ್ನದು. ಇಂಥವನ್ನು ಓದುವವರು ನಿಮ್ಮಲ್ಲೂ ಇರುತ್ತಾರೆ, ಗುಂಪು ನಡೆಸುವ ಕಷ್ಟ ನಿಮಗೂ ಗೊತ್ತು. ನಾನು ಮಾಡಿದ್ದನ್ನು ಮಾತ್ರ ಹೇಳುತ್ತೇನೆ.

ನನ್ನದು ಉಡುಪಿಯ ಕುಂಜಿಬೆಟ್ಟಿನಲ್ಲಿ ಜೆರಾಕ್ಸ್ ಅಂಗಡಿ. ಮಣಿಪಾಲದ ಹುಡುಗರು ಪ್ರಾಜೆಕ್ಟ್ ಬೈಂಡಿಂಗಿಗೆ ಬರುತ್ತಾರೆ. ಕೋರ್ಸ್ ಮುಗಿಸಿ ಊರಿಗೆ ಹೋಗುವಾಗ ಪೆಟ್ಟಿಗೆಗಟ್ಟಲೆ ಪುಸ್ತಕ ಬಿಟ್ಟು ಹೋಗುತ್ತಾರೆ. ಒಂದಕ್ಕೆ 50 ರೂಪಾಯಿ, ಚೆನ್ನಾಗಿದ್ದರೆ 100. ನನ್ನ ಸಂಗ್ರಹ ಶುರುವಾದದ್ದು ಹಾಗೆ. ಮಂಗಳೂರಿನ ಅತ್ರಿ ಬುಕ್ ಸೆಂಟರ್ 2012ರಲ್ಲಿ ಮುಚ್ಚಿದ ಮೇಲೆ, ಪುಸ್ತಕ ಕೈಯಲ್ಲಿ ಹಿಡಿದು ನಿಂತು ಮಾತಾಡುವ ಜಾಗ ನನಗೆ ಸಿಕ್ಕಿರಲಿಲ್ಲ. ಆ ಜಾಗ ನಾನೇ ಮಾಡಬೇಕು ಅನ್ನಿಸಿತ್ತು.

ಮೊದಲು ಮಾಡಿದ್ದೆಲ್ಲ ಕೆಟ್ಟಿತು. ವಾಟ್ಸಾಪ್ ಗುಂಪಿನಲ್ಲಿ ಎಪ್ಪತ್ತು ಜನ ಸೇರಿದರು. ವಾರಕ್ಕೆ ಎರಡು ಸಲ ಯಾರಾದರೂ ‘ಒಳ್ಳೆ ಸೈ-ಫೈ ಹೇಳಿ’ ಎಂದು ಕೇಳುವುದು, ಇಪ್ಪತ್ತು ಜನ ಅದೇ ಹತ್ತು ಹೆಸರು ಹಾಕುವುದು. ಕೇಳಿದವರು ‘ಥ್ಯಾಂಕ್ಸ್’ ಎನ್ನುತ್ತಿದ್ದರು. ಅಲ್ಲಿಗೆ ಮುಗಿಯಿತು. ಆಮೇಲೆ ಎರಡು ರಾತ್ರಿ ಕೂತು ನೂರು ಪುಸ್ತಕದ ಪಟ್ಟಿ ಟೈಪ್ ಮಾಡಿದೆ. ನನ್ನದೇ ಮಿಷಿನ್ನಿನಲ್ಲಿ 50 ಪ್ರತಿ ತೆಗೆದು ಹಂಚಿದೆ. ಅದನ್ನು ನೋಡಿ ಪುಸ್ತಕ ಓದಿದವರು ನನಗೆ ಗೊತ್ತಿರುವಂತೆ ಮೂರು ಜನ. ನಂತರ ಸ್ಟಾರ್ ಕೊಡುವ ಕ್ರಮ ತಂದೆ. ಎಲ್ಲರೂ ಎಲ್ಲದಕ್ಕೂ ನಾಲ್ಕು ಸ್ಟಾರ್ ಕೊಟ್ಟರು. ನಮ್ಮ ಜನಕ್ಕೆ ದಾಕ್ಷಿಣ್ಯ ಜಾಸ್ತಿ ಅಲ್ವಾ? ಪುಸ್ತಕ ಕೊಟ್ಟವಳ ಎದುರು ‘ಚೆನ್ನಾಗಿಲ್ಲ’ ಎಂದು ಯಾರು ಹೇಳುತ್ತಾರೆ?

ಡೆಪಾಸಿಟ್ಟಿನ ಕತೆ ಇನ್ನೂ ದೊಡ್ಡ ನಷ್ಟ. 200 ರೂಪಾಯಿ ಇಟ್ಟು ಪುಸ್ತಕ ಒಯ್ಯಿರಿ ಎಂದೆ. 500 ರೂಪಾಯಿಯ ಪುಸ್ತಕ 200ಕ್ಕೆ ಕೊಂಡ ಹಾಗಾಯಿತು ಅವರಿಗೆ. ಮೊದಲ ವರ್ಷ ಅರುವತ್ತು ಪುಸ್ತಕ ಹೊರಗೆ ಹೋಗಿ ಇಪ್ಪತ್ತೆರಡೋ ಇಪ್ಪತ್ತಮೂರೋ ವಾಪಸ್ ಬರಲಿಲ್ಲ. ಸುರತ್ಕಲ್‌ನ ಗೆಳೆಯನೊಬ್ಬ, ನನಗಿಂತ ಹೆಚ್ಚು ಓದಿದವನು, ‘ಇದು ನಡೆಯುವುದಿಲ್ಲ ಅಕ್ಕ, ಬಿಟ್ಟುಬಿಡಿ’ ಎಂದ. ಬಿಡುವವಳಿದ್ದೆ.

ಆ ದಿನಗಳಲ್ಲಿ ‘ಡ್ಯೂನ್’ ಎಂಬ ದಪ್ಪ ಸೈ-ಫೈ ಕಾದಂಬರಿಯ ಒಂದು ಪ್ರತಿ ವಾಪಸ್ ಬಂತು. ಮೂರು ಜನರ ಕೈ ದಾಟಿ ಬಂದದ್ದು. ಮೂವರೂ ‘ಸೂಪರ್ ಅಕ್ಕ’ ಎಂದಿದ್ದರು. ಕವರ್ ಬದಲಿಸಲು ಬಿಡಿಸಿ ನೋಡುತ್ತೇನೆ, ಪುಟದ ಮೂಲೆ ಮಡಚಿದ ಗುರುತು ಮೂರು. ಒಂದು 31ರಲ್ಲಿ, ಒಂದು 38ರಲ್ಲಿ, ಇನ್ನೊಂದು 40ರ ಹತ್ತಿರ. ಅದರಿಂದ ಆಚೆ ಪುಟಗಳು ಹೊಸದರಂತೆ ಗಟ್ಟಿಯಾಗಿ ಕೂತಿದ್ದವು. ಆದರೆ ಕತೆಯ ಹೊಸ ಶಬ್ದಗಳಿಗೆ ಅರ್ಥ ಕೊಡುವ ಕೊನೆಯ ಪದಕೋಶದ ಪುಟಗಳು ಮಾತ್ರ ತಿರುವಿ ತಿರುವಿ ಮೆತ್ತಗಾಗಿದ್ದವು.

ನನಗೆ ದಾರಿ ಸಿಕ್ಕಿದ್ದು ಅಲ್ಲಿ. ಹುಡುಗರು ಪ್ರತಿ ಸಾಲಿಗೂ ಹಿಂದೆ ಹೋಗಿ ಶಬ್ದದ ಅರ್ಥ ನೋಡುತ್ತಿದ್ದರು. ಕತೆ ಕೈಗೆ ಹತ್ತಲೇ ಇಲ್ಲ. ಮುಂದಿನ ಹುಡುಗನಿಗೆ ಕೊಡುವಾಗ ಪದಕೋಶದ ಪುಟಗಳನ್ನೆಲ್ಲ ಸೇರಿಸಿ ಎರಡು ಬೈಂಡರ್ ಕ್ಲಿಪ್ ಹಾಕಿದೆ. ‘ಕ್ಲಿಪ್ ತೆಗೆಯಬಾರದು. ಅರ್ಥ ಆಗದ ಶಬ್ದ ಬಂದರೆ ಸುಮ್ನೆ ಮುಂದೆ ಹೋಗು’ ಎಂದೆ. ಹನ್ನೊಂದು ದಿನದಲ್ಲಿ ಮುಗಿಸಿ ತಂದ. ಕ್ಲಿಪ್ ಹಾಗೇ ಇತ್ತು.

ಅಂದಿನಿಂದ ‘ಹೇಗಿತ್ತು?’ ಎಂದು ಕೇಳುವುದನ್ನೇ ನಿಲ್ಲಿಸಿದೆ. ‘ಎಷ್ಟನೇ ಪುಟದಲ್ಲಿ ಬಿಟ್ಟಿರಿ? ಅಲ್ಲಿ ಎಂತ ನಡೀತಿತ್ತು?’ ಇಷ್ಟೇ ಕೇಳುವುದು. ಬಿಟ್ಟದ್ದು ತಪ್ಪಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಹಾಗೆ ಹೇಳಿದರೆ ಜನ ನಿಜ ಹೇಳುತ್ತಾರೆ.

ಕಾಪುವಿನ ಮಾಮನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅವರು ತಾಳಮದ್ದಳೆಯ ಹುಚ್ಚಿನವರು. ಕೃಷ್ಣ ಸಂಧಾನ ಎಂದರೆ ರಾತ್ರಿ ಇಡೀ ಕದಲುವುದಿಲ್ಲ. ಪುರಾಣ ಇಷ್ಟ ಇರುವವರಿಗೆ ಕತ್ತಿ, ಮಂತ್ರ ಇರುವ ದಪ್ಪ ಫ್ಯಾಂಟಸಿಯೇ ಸರಿ ಎಂದು ನಾನು ಅಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಅವರು 90ನೇ ಪುಟದ ಹತ್ತಿರ ಬಿಟ್ಟರು. ಯಾಕೆ ಎಂದರೆ, ‘ಯುದ್ಧ ಶುರುವಾಯಿತು. ಮಾತು ನಿಂತಿತು. ಇನ್ನು ನೋಡುವುದಕ್ಕೆ ಎಂತ ಉಂಟು?’ ಎಂದರು.

ನನಗೆ ಅಷ್ಟು ಸಾಕಾಯಿತು. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಅರ್ಥಧಾರಿಗಳು ಕೂತುಕೊಂಡೇ ಪಾತ್ರದ ಮಾತು, ಅಂದರೆ ಅರ್ಥ ಹೇಳುವುದು, ಎದುರಿನವರ ವಾದವನ್ನು ಅವರ ಮಾತಿನಿಂದಲೇ ಮುರಿಯುವುದು. ಹಾಗಾದರೆ ಇವರಿಗೆ ಅಸಿಮೋವ್‌ನ ಸೈ-ಫೈ ‘ಫೌಂಡೇಶನ್’. 1951ರ ಪುಸ್ತಕ. ಅದರಲ್ಲಿ ಸಾಮ್ರಾಜ್ಯ ಬೀಳುತ್ತದೆ, ಗ್ರಹಗಳು ಕೈ ಬದಲಾಗುತ್ತವೆ. ಆದರೆ ದೊಡ್ಡ ಗಲಾಟೆ ಹೆಚ್ಚಿನದು ಪರದೆಯ ಹಿಂದೆ. ಎದುರಿಗೆ ಇಬ್ಬರು ಮೂವರು ಕೋಣೆಯಲ್ಲಿ ಕೂತು ಮಾತಾಡುತ್ತಾರೆ. ಬುದ್ಧಿವಂತ ಮಾತಿನಲ್ಲೇ ಗೆಲ್ಲುತ್ತಾನೆ. ‘ಮಾಮ, ಇದು ತಾಳಮದ್ದಳೆ’ ಎಂದೇ ಕೊಟ್ಟೆ. ಇನ್ನೊಂದು ಮಾತು ಸೇರಿಸಿದೆ: ಮೊದಲ ಭಾಗವನ್ನು ಪುಸ್ತಕ ಬರುವಾಗ ಹೊಸದಾಗಿ ಬರೆದು ಸೇರಿಸಿದ್ದು, ಉಳಿದವು 1940ರ ದಶಕದಲ್ಲಿ ಪತ್ರಿಕೆಯಲ್ಲಿ ಬಿಡಿ ಬಿಡಿಯಾಗಿ ಬಂದ ಕತೆಗಳು. ಪಾತ್ರಗಳು ಬದಲಾದರೆ ಗಾಬರಿ ಬೇಡ, ಹೊಸ ಪ್ರಸಂಗ ಎಂದುಕೊಳ್ಳಿ. ನಾಲ್ಕು ದಿನ ಬಿಟ್ಟು ಫೋನ್ ಬಂತು. ‘ಆ ಕತೆಯ ಮೇಯರ್ ಉಂಟಲ್ಲ, ಒಳ್ಳೆ ಅರ್ಥಧಾರಿ!’ ಅರ್ಧ ಗಂಟೆ ಮಾತಾಡಿದರು. ಆ ದಿನದ ಖುಷಿ ನನಗೆ ಈಗಲೂ ನೆನಪಿದೆ.

ಪುಸ್ತಕ ಬದಲಿಸದೆ ದಾರಿ ಬದಲಿಸಿದ್ದೂ ಉಂಟು. ಕಂಕನಾಡಿಯ ಟೀಚರೊಬ್ಬರು ಟೋಲ್ಕಿನ್‌ನ ಮೂರು ಸಂಪುಟದ ಫ್ಯಾಂಟಸಿ ‘ಲಾರ್ಡ್ ಆಫ್ ದ ರಿಂಗ್ಸ್’ ಎರಡು ಸಲ ಹಿಡಿದು, ಎರಡು ಸಲವೂ ಹಳೆ ಕಾಡಿನ ಅಧ್ಯಾಯದಲ್ಲೇ ನಿಲ್ಲಿಸಿದ್ದರು. ಅಲ್ಲಿ ತುಂಬಾ ಜನ ನಿಲ್ಲುತ್ತಾರೆ, ನಿಮಗೆ ಗೊತ್ತು. ಆ ಕಾಡು, ಹಾಡು ಹೇಳುವವನ ಮನೆ, ಗೋರಿಗಳ ಗುಡ್ಡ, ಮೂರೂ ಅಧ್ಯಾಯ ದಾಟಿ ಸೀದಾ ಬ್ರೀ ಊರಿನ ಹೋಟೆಲಿಗೆ ಹೋಗಿ ಎಂದೆ. ಸುರತ್ಕಲ್‌ನ ಗೆಳೆಯ ನನ್ನ ಮೇಲೆ ಸಿಟ್ಟಾದ. ‘ಆ ಗೋರಿಯಲ್ಲಿ ಸಿಗುವ ಕತ್ತಿಗೆ ಮುಂದೆ ಎಷ್ಟು ದೊಡ್ಡ ಕೆಲಸ ಉಂಟು, ಗೊತ್ತಲ್ಲ ನಿಮಗೆ?’ ಎಂದ. ಗೊತ್ತು. ಟೀಚರ್ ಮೂರೂ ಸಂಪುಟ ಮುಗಿಸಿದರು. ಆ ಕತ್ತಿಯ ಜಾಗ ಬಂದಾಗ ತಾವೇ ಹಿಂದೆ ಹೋಗಿ ಬಿಟ್ಟ ಮೂರು ಅಧ್ಯಾಯ ಓದಿದರು. ಗೆಳೆಯ ಇದನ್ನು ಇವತ್ತಿಗೂ ಒಪ್ಪಿಲ್ಲ. ನಾನು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಚೀನಾದ ಲಿಯು ತ್ಸಿಶಿನ್‌ನ ಸೈ-ಫೈ ‘ತ್ರೀ-ಬಾಡಿ ಪ್ರಾಬ್ಲಂ’ಗೂ ಇಂಥದೇ ಉಪಾಯ. ಏಲಿಯನ್ ಬರುತ್ತದೆ ಎಂದು ಕಾಯುವ ಹುಡುಗರು ಮೊದಲಿನ ಸಾಂಸ್ಕೃತಿಕ ಕ್ರಾಂತಿಯ (ಮಾವೋ ಕಾಲದ ಗಲಭೆಯ) ಭಾಗದಲ್ಲೇ ಸೋಲುತ್ತಾರೆ. ಚೀನೀ ಪುಸ್ತಕದಲ್ಲಿ ಆ ಭಾಗ ಮಧ್ಯದಲ್ಲಿತ್ತು, 2014ರ ಇಂಗ್ಲಿಷ್ ಅನುವಾದದಲ್ಲಿ ಅದು ಮೊದಲಿಗೆ ಬಂತು. ಇದನ್ನು ಹೇಳಿ, ಬೇಕಾದರೆ ಮುಂದಿನಿಂದ ಶುರು ಮಾಡಿ ಆಮೇಲೆ ವಾಪಸ್ ಬಾ ಎನ್ನುತ್ತೇನೆ. ಕೆಲವರಿಗೆ ಹಿಡಿಸಿದೆ, ಕೆಲವರಿಗೆ ಇಲ್ಲ.

ಕೆಲವು ಸಲ ಓದುಗರ ತಪ್ಪೇ ಇರುವುದಿಲ್ಲ. ಜೂಲ್ಸ್ ವರ್ನ್‌ನ ಜಲಾಂತರ್ಗಾಮಿಯ ಕಾದಂಬರಿ ‘ಸಪ್ಪೆ’ ಎಂದು ಇಬ್ಬರು ವಾಪಸ್ ಕೊಟ್ಟರು. ನೋಡಿದರೆ ಅಗ್ಗದ ಮುದ್ರಣ, ಒಳಗೆ 1870ರ ದಶಕದ ಇಂಗ್ಲಿಷ್ ಅನುವಾದ. ಅದರಲ್ಲಿ ಸುಮಾರು ಕಾಲು ಭಾಗ ಕತ್ತರಿಸಿದ್ದಾರೆ, ಲೆಕ್ಕದ ತಪ್ಪುಗಳೂ ಇವೆ. ಬೇರೆ ಅನುವಾದ ತರಿಸಿ ಅದೇ ಇಬ್ಬರಿಗೆ ಕೊಟ್ಟೆ. ಒಬ್ಬರು ಮುಗಿಸಿದರು. ಈಗ ಹೆಸರಿನ ಜೊತೆ ಅನುವಾದ ಯಾವುದು ಎಂದೂ ಹೇಳದೆ ಯಾರಿಗೂ ಪುಸ್ತಕ ಸೂಚಿಸುವುದಿಲ್ಲ.

ಒಂದು ಕಡೆ ನಾನು ಪೂರಾ ಸೋತೆ. ಕಲ್ಸಂಕದ ಹಿರಿಯರೊಬ್ಬರು ಯಾವ ಪುಸ್ತಕ ಕೊಟ್ಟರೂ ಮೂವತ್ತನೇ ಪುಟದ ಆಸುಪಾಸಿನಲ್ಲಿ ಬಿಡುತ್ತಿದ್ದರು. ಐದು ಪುಸ್ತಕ ಬದಲಿಸಿದೆ. ಕತೆ, ಭಾಷೆ, ದಪ್ಪ ಎಲ್ಲ ಯೋಚನೆ ಮಾಡಿದೆ. ಕೊನೆಗೆ ಅವರ ಸೊಸೆ ಹೇಳಿದರು, ಮಾವನಿಗೆ ಸಣ್ಣ ಅಕ್ಷರ ಕಾಣುವುದಿಲ್ಲ, ಹೇಳಿಕೊಳ್ಳಲು ಮನಸ್ಸಿಲ್ಲ ಎಂದು. ಐದು ತಿಂಗಳು ಅವರನ್ನು ಸುಮ್ನೆ ಕಷ್ಟಪಡಿಸಿದೆ ಎಂದು ಬೇಜಾರಾಯಿತು. ಮೊಮ್ಮಗ ಟ್ಯಾಬ್‌ನಲ್ಲಿ ಅಕ್ಷರ ದೊಡ್ಡದು ಮಾಡಿ ಕೊಟ್ಟ ಮೇಲೆ ಓದುತ್ತಿದ್ದಾರೆ. ಈಗ ಮೊದಲ ದಿನವೇ ಯಾವ ಹೊತ್ತಿಗೆ, ಯಾವ ಬೆಳಕಿನಲ್ಲಿ ಓದುತ್ತೀರಿ ಎಂದು ಕೇಳುತ್ತೇನೆ. ಹೊಸಬರಿಗೆ ಕೇಳುವ ಇನ್ನೊಂದು ಪ್ರಶ್ನೆಯೂ ಉಂಟು. ಅದನ್ನು ಇಲ್ಲಿ ಬರೆಯುವುದಿಲ್ಲ. ಗೊತ್ತಾದರೆ ಉತ್ತರ ತಯಾರು ಮಾಡಿಕೊಂಡು ಬರುತ್ತಾರೆ, ಅದರ ಶಕ್ತಿಯೇ ಹೋಗುತ್ತದೆ.

ಯಾವ ಪುಸ್ತಕವನ್ನೂ ಅರ್ಧಕ್ಕೆ ಬಿಡದವರಿಗೆ ಪ್ರಶ್ನೆ ತಿರುಗಿಸುತ್ತೇನೆ: ಯಾವ ಪುಟ ಎರಡು ಸಲ ಓದಿದಿರಿ? ಇಂದ್ರಾಳಿಯ ರಿಕ್ಷಾದವರೊಬ್ಬರು ಕನ್ನಡ ಮಾತ್ರ ಓದುವವರು. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಹಾರುವ ಓತಿಯ ಕೊನೆಯ ಭಾಗ ನಾಲ್ಕು ಸಲ ಓದಿದ್ದೇನೆ ಎಂದರು. ಅವರಿಗೆ ಕನ್ನಡದಲ್ಲೇ ಸೈ-ಫೈ ಬರೆದ ರಾಜಶೇಖರ ಭೂಸನೂರಮಠ, ಮನು ಇವರ ಕಾದಂಬರಿ ಕೊಡಬೇಕು ಎಂದು ತಕ್ಷಣ ಹೊಳೆಯಿತು. ಹಳೆ ಪ್ರತಿ ಹುಡುಕಲು ಎರಡು ತಿಂಗಳು ಹಿಡಿಯಿತು. ‘ಪುಸ್ತಕ ಇಡೀ ಜೆರಾಕ್ಸ್ ಮಾಡಿ ಅಕ್ಕ, ಮಿಷಿನ್ ನಿಮ್ಮದೇ ಅಲ್ವಾ’ ಎಂದು ಕೇಳುವವರು ತುಂಬಾ. ಮಾಡುವುದಿಲ್ಲ. ಬರೆದವರ ಹೊಟ್ಟೆಯ ಮೇಲೆ ಹೊಡೆದು ನಾನು ಓದುಗರನ್ನು ಬೆಳೆಸಬೇಕಾಗಿಲ್ಲ. ಹಳೆ ಪ್ರತಿ ಸಿಗುವ ಜಾಗ ಮಾತ್ರ ಕೇಳಬೇಡಿ. ಹೇಳಿದರೆ ನನಗೇ ಸಿಗುವುದಿಲ್ಲ.

ಪ್ರತಿ ಪುಸ್ತಕದ ಒಳಗೆ ಒಂದು ಚೀಟಿ ಇರುತ್ತದೆ, ಎ4 ಹಾಳೆಯ ಕಾಲು ಭಾಗ. ಅದರಲ್ಲಿ ಮೂರು ಸಾಲು: ಎಷ್ಟನೇ ಪುಟ, ಅಲ್ಲಿ ಏನು ನಡೆಯುತ್ತಿತ್ತು, ಈ ಪುಸ್ತಕ ಯಾರಿಗೆ ಬೇಡ. ಮೂರನೆಯದು ಟೀಚರ್ ಸೇರಿಸಿದ್ದು. ಯಾರಿಗೆ ಬೇಕು ಎಂದು ಕೇಳಿದರೆ ‘ಎಲ್ಲರಿಗೂ’ ಎಂದು ಬರೆಯುತ್ತಾರೆ. ಯಾರಿಗೆ ಬೇಡ ಎಂದು ಕೇಳಿದರೆ ಯೋಚನೆ ಮಾಡುತ್ತಾರೆ. ‘ನಾಯಿ ಸಾಕಿದವರಿಗೆ ಬೇಡ’ ಎಂದು ಒಬ್ಬಳು ಬರೆದಿದ್ದಳು. ಅದೊಂದು ಸಾಲು ನೂರು ಸ್ಟಾರಿಗಿಂತ ಹೆಚ್ಚು ಹೇಳುತ್ತದೆ. ಚೀಟಿ ಗಟ್ಟಿ ಇರಲಿ ಎಂದು ಮೊದಲು ಲ್ಯಾಮಿನೇಟ್ ಮಾಡಿದ್ದೆ, ಅದರ ಮೇಲೆ ಪೆನ್ನು ಬರೆಯಲಿಲ್ಲ. 300 ರೂಪಾಯಿ ಹೋಯಿತು. ಡೆಪಾಸಿಟ್ ತೆಗೆದುಹಾಕಿದೆ. ಚೀಟಿ ತುಂಬಿಸದೆ ಮುಂದಿನ ಪುಸ್ತಕ ಇಲ್ಲ, ನಿಯಮ ಅಷ್ಟೇ. ಆ ವರ್ಷ ಕಳೆದುಹೋದದ್ದು ನಾಲ್ಕು ಪುಸ್ತಕ.

ಮಂಗಳೂರಿನವರಿಗೆ ಪುಸ್ತಕ ಹೋಗುವುದು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ. ಕಂಡಕ್ಟರ್ ಕೈಗೆ ಪಾರ್ಸೆಲ್, 30 ರೂಪಾಯಿ, ದಪ್ಪ ಇದ್ದರೆ 40. ಬಸ್ಸಿನ ಹೆಸರು, ಹೊರಟ ಹೊತ್ತು ಫೋನಿನಲ್ಲಿ ಹೇಳಿದರೆ ಅವರು ಸ್ಟಾಪಿನಲ್ಲಿ ನಿಂತಿರುತ್ತಾರೆ.

ಓದು ಜೋರಾಗುವುದು ಪತ್ತನಾಜೆ ಕಳೆದ ಮೇಲೆ, ಅಂದರೆ ಮೇ ಕೊನೆಗೆ. ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ರಾತ್ರಿ ಆಟ ಇಲ್ಲ, ಹೊರಗೆ ಮಳೆ. ಪೇಪರ್‌ಬ್ಯಾಕ್‌ಗೆ ಬೂಷ್ಟು ಹಿಡಿಯುವುದೂ ಆಗಲೇ. ನುಸಿಗುಳಿಗೆ ಹಾಕಿದೆ, ವಾಸನೆಗೆ ತಲೆನೋವು ಎಂದು ಮೂವರು ಓದದೆ ವಾಪಸ್ ಕೊಟ್ಟರು. ಬೇವಿನ ಎಲೆಯಿಂದ ಹುಳ ಕಡಿಮೆಯಾಯಿತೋ ಏನೋ, ಬೂಷ್ಟು ಹೋಗಲಿಲ್ಲ. ಈಗ ಕಬ್ಬಿಣದ ಕಪಾಟಿನ ತಳದಲ್ಲಿ 40 ವ್ಯಾಟಿನ ಹಳೆ ಬಲ್ಬು, ಪುಸ್ತಕದಿಂದ ಒಂದಡಿ ದೂರ. ಸಂಜೆ ಎರಡು ಗಂಟೆ ಉರಿಸುತ್ತೇನೆ, ಅದೂ ನಾನು ಅಂಗಡಿಯಲ್ಲಿ ಇರುವಾಗ ಮಾತ್ರ. ಕಳೆದ ಆಟಿ ತಿಂಗಳ ಮಳೆಯಲ್ಲಿ ಒಂದು ಪುಸ್ತಕವೂ ಹಾಳಾಗಲಿಲ್ಲ.

ಮೂರು ವರ್ಷದಲ್ಲಿ ಕೈಯಿಂದ ಹೋದದ್ದು ಅಂದಾಜು 32 ಸಾವಿರ. ಒಬ್ಬರಿಗೆ ತಿಂಗಳಿಗೆ 60 ರೂಪಾಯಿ ಎಂದು ಶುರು ಮಾಡಿದ ಮೇಲೆ 27-28 ಸಾವಿರ ವಾಪಸ್ ಬಂದಿದೆ. ಈಗ ನಲುವತ್ತೈದು ಜನ ಇದ್ದೇವೆ. ಸುರತ್ಕಲ್‌ನ ಗೆಳೆಯನೂ ದುಡ್ಡು ಕೊಡುತ್ತಾನೆ. ಅವನ ಕಳೆದ ತಿಂಗಳ ಚೀಟಿಯಲ್ಲಿ ‘ಪುಟ 112’ ಎಂದಿತ್ತು. ಅಲ್ಲಿ ಏನು ನಡೆಯುತ್ತಿತ್ತು ಎಂಬ ಸಾಲು ಖಾಲಿ ಬಿಟ್ಟಿದ್ದ. ಚೀಟಿ ವಾಪಸ್ ಕಳಿಸಿದ್ದೇನೆ. ಅದು ತುಂಬಿ ಬರಲಿ, ಅವನಿಗೆ ಯಾವ ಪುಸ್ತಕ ಎಂದು ಆಮೇಲೆ ನೋಡೋಣ.