ಐದು ಗಂಟೆಗೆ ಬಂದವನ ಕೂಲಿ

ನಾನು ಉಡುಪಿ ಕಡೆಯವನು. ಸುವಾರ್ತೆ ಸೇವೆಗೆ ಅಂತ ವಿಜಯಪುರ ಜಿಲ್ಲೆಗೆ ಬಂದು ಬಹಳ ವರ್ಷವಾಯಿತು. ಇಲ್ಲಿ ನನ್ನ ಕೆಲಸದಲ್ಲಿ ಪ್ರಸಂಗ ಕಡಿಮೆ, ಕಥೆ ಜಾಸ್ತಿ. ಸಂಜೆ ಹೊಲದಿಂದ ಬಂದವರು ಕಟ್ಟೆ ಮೇಲೆ ಕೂತಾಗ ಯೇಸುಸ್ವಾಮಿಯ ಒಂದು ಸಾಮ್ಯ, ಅಂದರೆ ಅವರು ಹೇಳಿದ ದೃಷ್ಟಾಂತ ಕಥೆ, ಹೇಳುತ್ತೇನೆ. ಸಂಡೆ ಸ್ಕೂಲಿನಲ್ಲೇ ಬಾಯಿಪಾಠವಾದ ಕಥೆಗಳವು. ನನ್ನ ಬದುಕಿಗೆ ತಾಗಲು ಶುರುವಾಗಿದ್ದು ಮಾತ್ರ ಇಲ್ಲಿಗೆ ಬಂದ ಮೇಲೆ.

ನಾನು ಮಾಡುವುದು ಇಷ್ಟೇ. ಬೆಳಿಗ್ಗೆ ಸಾಮ್ಯವನ್ನು ಗಟ್ಟಿಯಾಗಿ ಓದುತ್ತೇನೆ. ಅದರ ಹಿಂದಿನ ಪುಟವನ್ನೂ ಓದುತ್ತೇನೆ, ಯಾರ ಯಾವ ಮಾತಿಗೆ ಈ ಕಥೆ ಬಂತು ಅಂತ ತಿಳಿಯಬೇಕಲ್ಲ. ಆಮೇಲೆ ಪುಸ್ತಕ ಮುಚ್ಚಿ ನನ್ನದೇ ಮಾತಲ್ಲಿ ಹೇಳಿಕೊಳ್ಳುತ್ತೇನೆ. ಯಾರನ್ನು ಅವಸರದಲ್ಲಿ ದಾಟಿಬಿಟ್ಟೆ ಅಂತ ನೋಡುತ್ತೇನೆ. ನನಗೆ ಬೇಕಾದ ಮಾತು ಹೆಚ್ಚಾಗಿ ಅಲ್ಲೇ ಇರುತ್ತದೆ. ಸಂಜೆ ಜನರ ಮುಂದೆ ಕಥೆ ಹೇಳಿ ಸುಮ್ನೆ ಕೂರುತ್ತೇನೆ, ಅರ್ಥ ಬಿಡಿಸುವುದಿಲ್ಲ. ಪಾದ್ರಿಗಳಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ಬಿತ್ತುವವನ ಸಾಮ್ಯ ಹೇಳಿದಾಗ ರೈತರೊಬ್ಬರು ನಕ್ಕೇ ಬಿಟ್ಟರು. “ದಾರಿ ಮ್ಯಾಲ ಬೀಜಾ ಚೆಲ್ಲಾಂವ ಎಂಥಾ ಒಕ್ಕಲಿಗ ರೀ?” ಸರಿಯೇ. ಇಲ್ಲಿನ ಎರೆ ಹೊಲದಲ್ಲಿ ಬಿಳಿಜೋಳ ಬಿತ್ತುವುದು ಕೂರಿಗೆಯಲ್ಲಿ. ಹಿಂದೆ ನಡೆಯುವ ಹೆಂಗಸು ಬಟ್ಟಲಿಗೆ ಕಾಳು ಬಿಡುತ್ತಾ ಹೋದರೆ, ಅದು ಕೊಳವೆಯಲ್ಲಿ ಇಳಿದು ಸಾಲಿಗೇ ಬೀಳುತ್ತದೆ. ಸಾಮ್ಯದವನು ಕೈಯಲ್ಲಿ ಎರಚುತ್ತಾನೆ. ದಾರಿ, ಬಂಡೆ, ಮುಳ್ಳು ಅಂತ ನೋಡುವುದಿಲ್ಲ. ಆ ಕಥೆಯಲ್ಲಿ ಬೀಜ ಅಂದರೆ ದೇವರ ವಾಕ್ಯ, ನೆಲ ಅಂದರೆ ಕೇಳುವವರ ಮನಸ್ಸು. ಅಲ್ಲಿಯವರೆಗೆ ನನ್ನ ತಲೆಯಲ್ಲಿ ಇದ್ದದ್ದು ನೆಲದ ಮಾತು: ಯಾವ ಊರು ಒಳ್ಳೆ ನೆಲ, ಯಾವ ಊರು ಬಂಡೆ. ಆ ನಗು ಕೇಳಿದ ಮೇಲೆ ಬಿತ್ತುವವನ ಕೈ ಕಣ್ಣಿಗೆ ಬಿತ್ತು. ಈಗ ಬಸ್ ಸ್ಟ್ಯಾಂಡಿನಲ್ಲಿ ಪಕ್ಕ ಕೂತವರ ಹತ್ತಿರವೂ ಕಥೆ ತೆಗೆಯುತ್ತೇನೆ. ಅರ್ಧಕ್ಕೇ ಎದ್ದು ಬಸ್ ಹತ್ತುತ್ತಾರೆ. ಹತ್ತಲಿ.

ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಬೈಬಲಿನ ಮತ್ತಾಯ ಸುವಾರ್ತೆ 20ನೇ ಅಧ್ಯಾಯದ ದ್ರಾಕ್ಷಿ ತೋಟದ ಸಾಮ್ಯ. ನಮ್ಮ ಜಿಲ್ಲೆಯ ತಿಕೋಟಾ ಸುತ್ತಮುತ್ತ ದ್ರಾಕ್ಷಿಯೇ ದ್ರಾಕ್ಷಿ. ಅಕ್ಟೋಬರ್ ಬಂತೆಂದರೆ ಬಳ್ಳಿ ಸವರುವ ಚಾಟ್ನಿ ಕೆಲಸ. ಬೇಸಿಗೆ ಶುರುವಾಗುವಾಗ ಕೊಯ್ಲು, ಆಮೇಲೆ ಶೆಡ್ಡಿನ ನೆರಳಲ್ಲಿ ಹಣ್ಣು ಒಣಗಿಸಿ ಮಣೂಕ ಮಾಡುವುದು. ಆಗ ಕೂಲಿಯವರಿಗೆ ಎಲ್ಲಿಲ್ಲದ ಬೇಡಿಕೆ. ಉಳಿದ ದಿನ ಬುತ್ತಿ ಕಟ್ಟಿಕೊಂಡು ಬಂದು ನಿಂತವರು ಬುತ್ತಿ ಸಮೇತ ವಾಪಸ್ ಹೋಗುವುದೂ ಉಂಟು.

ಕಥೆ ಗೊತ್ತಲ್ಲ. ಯಜಮಾನ ಬೆಳಗಾಗುತ್ತಲೇ ಕೂಲಿಯವರನ್ನು ಕರೆಯುತ್ತಾನೆ, ದಿನಕ್ಕೆ ಒಂದು ಬೆಳ್ಳಿ ನಾಣ್ಯ ಅಂತ ಮಾತಾಗುತ್ತದೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತಷ್ಟು ಜನ. ಸಂಜೆ ಐದಕ್ಕೂ ಕೆಲವರು. ಬಟವಾಡೆ ಕೊನೆಗೆ ಬಂದವರಿಂದ ಶುರು, ಎಲ್ಲರಿಗೂ ಒಂದೇ ನಾಣ್ಯ. ಬೆಳಿಗ್ಗೆ ಬಂದವರು ಗೊಣಗುತ್ತಾರೆ.

ಆ ವರ್ಷ ನಾನೂ ಗೊಣಗುತ್ತಿದ್ದೆ. ನಮ್ಮಲ್ಲಿಗೆ ಸೇವೆಗೆ ಹೊಸ ಹುಡುಗನೊಬ್ಬ ಬಂದಿದ್ದ. ಬಂದ ತಿಂಗಳಿಂದಲೇ ಅವನಿಗೂ ನನ್ನಷ್ಟೇ ಗೌರವಧನ. ಮನೆ, ತುಳು ಮಾತು, ಮೀನು ಎಲ್ಲ ಬಿಟ್ಟು ಬಂದ ನನಗೂ ಅಷ್ಟೇನಾ ಅಂತ ನನ್ನ ಸಂಕಟ. ಹಿಂದಿನ ಪುಟ ತಿರುವಿದರೆ ಯೇಸುಸ್ವಾಮಿಯ ಶಿಷ್ಯ ಪೇತ್ರ ಅದನ್ನೇ ಕೇಳುತ್ತಿದ್ದಾನೆ: ನಾವು ಎಲ್ಲ ಬಿಟ್ಟು ನಿನ್ನ ಹಿಂದೆ ಬಂದೆವಲ್ಲ, ನಮಗೇನು ಸಿಗುತ್ತದೆ? ಅವನೂ ಮೀನು ಹಿಡಿಯುತ್ತಿದ್ದವನೇ ಅನ್ನಿ. ಆ ಮಾತಿನ ಬೆನ್ನಿಗೇ ಕೂಲಿಯವರ ಕಥೆ ಬರುತ್ತದೆ.

ತೋಟದ ಕೆಲಸದ ಹೆಂಗಸರಿಗೆ ಅದನ್ನು ಹೇಳಿದೆ. ಬೆಳಿಗ್ಗೆಯವರ ಪರವಾಗಿ ಜಗಳಕ್ಕೆ ಬರುತ್ತಾರೆ ಅಂದುಕೊಂಡಿದ್ದೆ. ಕತ್ತರಿ ಇನ್ನೂ ಕೈಯಲ್ಲೇ ಹಿಡಿದಿದ್ದ ಒಬ್ಬ ಅಜ್ಜಿ ಅಂದರು: “ಸಂಜಿತನಾ ನಿಂತಾಂವ ಸುಮ್ನ ನಿಂತಿದ್ದನೇನ್ರಿ ಪಾದ್ರಿಯವರ? ಬರೇ ಕೈಲೆ ಮನಿಗೆ ಹ್ಯಾಂಗ ಹೋಗೋದಂತ ಚಿಂತಿ ಮಾಡಕೋತ ನಿಂತಿರ್ತಾನ.” ಪಕ್ಕದಾಕೆ ಸೇರಿಸಿದಳು: “ಹೌದ್ರಿ, ಅವನ ಮಕ್ಕಳೇನ ಅರ್ಧಾ ಹೊಟ್ಟಿ ಉಣ್ತಾವೇನು?”

ಮನೆಗೆ ಬಂದು ಮತ್ತೆ ಓದಿದೆ. ಯಾಕೆ ಸುಮ್ನೆ ನಿಂತಿದ್ದೀರಿ ಅಂತ ಯಜಮಾನ ಕೇಳಿದರೆ ಐದು ಗಂಟೆಯವರು ಕೊಡುವ ಉತ್ತರ, ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ ಅಂತ. ನನ್ನ ಬಾಯಲ್ಲಿ ಪ್ರತಿ ಸಲ ಓಡಿಹೋಗುತ್ತಿದ್ದ ಸಾಲು. ಮರುದಿನ ಹುಡುಗನನ್ನು ಚಹಾಕ್ಕೆ ಕರೆದು, ಮುಂಚೆ ಏನು ಮಾಡ್ತಿದ್ದೆ ಅಂತ ಮೊದಲ ಸಲ ಕೇಳಿದೆ. ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದನಂತೆ. ಸೇವೆಗೆ ಸೇರಿಸಿಕೊಳ್ಳಿ ಅಂತ ವರ್ಷಗಟ್ಟಲೆ ಅಲೆದಿದ್ದಾನೆ. ಓದು ಸಾಲದು ಅಂತ ಒಂದು ಕಡೆ, ಮಾತು ತೊದಲುತ್ತದೆ ಅಂತ ಇನ್ನೊಂದು ಕಡೆ ವಾಪಸ್ ಕಳಿಸಿದ್ದಾರೆ. ತೊದಲುವುದು ನಿಜ. ಕಟ್ಟೆಯವರು ಕಾಯುತ್ತಾರೆ, ಅವರಿಗೇನೂ ಅವಸರವಿಲ್ಲ.

ಗೌರವಧನದ ಮಾತನ್ನು ನಾನು ಆಮೇಲೆ ಎತ್ತಲಿಲ್ಲ. ಒಳಗೆ ಆ ಲೆಕ್ಕ ಪೂರ್ತಿ ನಿಂತಿದೆ ಅಂತಲ್ಲ. ಎರೆ ಮಣ್ಣಿನ ಕೆಸರಲ್ಲಿ ಬೈಕ್ ಹೂತುಕೊಂಡ ದಿನ ಮತ್ತೆ ಶುರುವಾಗುತ್ತದೆ.

ಎಲ್ಲ ಸಾಮ್ಯವೂ ಹೀಗೆ ನನಗೆ ದಕ್ಕಿಲ್ಲ. ಮತ್ತಾಯ 25ರಲ್ಲಿ ಒಡೆಯ ಕೊಟ್ಟ ಒಂದು ತಲಾಂತನ್ನು ಹೆದರಿ ಮಣ್ಣಲ್ಲಿ ಹೂತಿಟ್ಟು, ದುಡಿಸಲಿಲ್ಲ ಅಂತ ಒಡೆಯನಿಂದ ಹೊರಗೆ ಹಾಕಿಸಿಕೊಂಡ ಆಳಿದ್ದಾನಲ್ಲ, ನನ್ನ ಮನಸ್ಸು ಇವತ್ತಿಗೂ ಅವನ ಕಡೆಗೇ. ತಲಾಂತು ಆ ಕಾಲದ ಹಣದ ಲೆಕ್ಕ; ಒಂದು ತಲಾಂತು ಅಂದರೆ 6,000 ದಿನದ ಕೂಲಿ, ಸುಮಾರು 20 ವರ್ಷದ ದುಡಿಮೆ. ಬಡವನಿಗೆ ಅಷ್ಟು ದುಡ್ಡು ಕೊಟ್ಟು ಹೆದರಬೇಡ ಅಂದರೆ ಹೇಗೆ? ಅದನ್ನು ಕಟ್ಟೆ ಮೇಲೆ ಹೇಳಲು ನನಗೆ ಬಾಯಿ ಬಂದಿಲ್ಲ. ಮುಂದಿನ ವಾರ ತಾನು ಹೇಳುತ್ತೇನೆ ಅಂತ ಹುಡುಗ ಅಂದಿದ್ದಾನೆ. ಹೇಳಲಿ. ಆ ಆಳಿನ ಬಗ್ಗೆ ಅಜ್ಜಿ ಏನಂತಾರೋ ನನಗೂ ಕೇಳಬೇಕಾಗಿದೆ.